ಸೂತಕವಿಲ್ಲದ ದುಃಖ: ಫ್ರೆಡ್ಡಿ ಮರ್ಕ್ಯುರಿಗಾಗಿ ಅತ್ತವರು



2025ರ ಗಣೇಶನ ಹಬ್ಬದ ಊಟಕ್ಕೆ ಬರ್ಮಿಂಗ್‌ಹ್ಯಾಮ್ ಕಡೆಯಿಂದ ಬಂದಿದ್ದ ಒಬ್ಬ ತಾಯಿ, ಕೋಸಂಬರಿ ಬಡಿಸುತ್ತಲೇ ತಮ್ಮ ಹದಿನೇಳು ವರ್ಷದ ಮಗನ ಮೇಲೆ ದೂರು ಹೇಳಿದರು. ಆ ಜುಲೈ 22ರಂದು ರಾಕ್ ಹಾಡುಗಾರ ಆಜಿ ಆಸ್ಬೋರ್ನ್ ತೀರಿಕೊಂಡಿದ್ದ. ಹುಡುಗ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಜುಲೈ 30ಕ್ಕೆ ಬ್ರಾಡ್ ಸ್ಟ್ರೀಟ್‌ನಲ್ಲಿ ಶವಯಾತ್ರೆ ಹೋಗುವಾಗ ಸಾವಿರಾರು ಜನರ ನಡುವೆ ನಿಂತು ಅತ್ತು ಬಂದನಂತೆ. "ನಮ್ಮ ಮಾವನವರು ಹೋದಾಗಲೂ ಇವನು ಹೀಗೆ ಅಳಲಿಲ್ಲ ಕಣ್ರೀ. ಅವನ್ಯಾರೋ, ಇವನ್ಯಾರೋ. ಇವನಿಗೇನು ಸೂತಕವೇ?" ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಹುಡುಗ ಮಾತ್ರ ತಲೆ ಬಗ್ಗಿಸಿ ಅನ್ನ ಕಲೆಸುತ್ತಿದ್ದ.

ಆ 'ಸೂತಕ' ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಇದನ್ನೇ ಹಿಡಿದುಕೊಂಡೆ. ರಕ್ತಸಂಬಂಧವಿಲ್ಲದ, ಒಮ್ಮೆಯೂ ಮುಖಾಮುಖಿ ಮಾತಾಡದ ಹಾಡುಗಾರನೊಬ್ಬ ಸತ್ತರೆ ಜನ ಯಾಕೆ ಅಳುತ್ತಾರೆ? ಅತ್ತು ಏನು ಮಾಡುತ್ತಾರೆ? ಆಜಿಯ ಕಥೆಯನ್ನು ಬರ್ಮಿಂಗ್‌ಹ್ಯಾಮ್‌ನವರೇ ಬರೆಯಲಿ, ಅದು ಅವರ ಊರಿನ ಹಕ್ಕು. ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೋಗೆ ಇಳಿಯುವ ವಿಮಾನಗಳು ಮನೆಯ ಮೇಲೇ ಹಾದುಹೋಗುವ ಫೆಲ್ಟಮ್ ಹತ್ತಿರ. ಇಲ್ಲಿಗೆ ಸಲ್ಲುವ ಹೆಸರು ಫ್ರೆಡ್ಡಿ ಮರ್ಕ್ಯುರಿ, 'ಕ್ವೀನ್' ಎಂಬ ರಾಕ್ ತಂಡದ ಹಾಡುಗಾರ. ಸತ್ತು ಮೂವತ್ತು ವರ್ಷಗಳ ಮೇಲಾದರೂ ಪ್ರತಿ ನವೆಂಬರ್ 24ಕ್ಕೆ ಅವನಿಗಾಗಿ ಹೂವು ತರುವವರು ಇನ್ನೂ ಇದ್ದಾರೆ. (ಏಕವಚನಕ್ಕೆ ಯಾರೂ ಬೇಸರಿಸಬೇಡಿ. ಅಭಿಮಾನಿಗಳ ಬಾಯಲ್ಲಿ ಅವನು ಬರೀ 'ಫ್ರೆಡ್ಡಿ', ನಮ್ಮಲ್ಲಿ 'ಅಪ್ಪು' ಇದ್ದ ಹಾಗೆ.)

ಮೊದಲು ಈತ ಯಾರೆಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಹಿರಿಯರಿಗೆ ಇವನ ಹಾಡು ಗದ್ದಲ, ಕಿರಿಯರಿಗೆ 2018ರಲ್ಲಿ ಬಂದ ಸಿನಿಮಾದ ಕಥೆ. ಇಬ್ಬರಿಗೂ ಸಾಮಾನ್ಯವಾಗಿ ಗೊತ್ತಿಲ್ಲದ ಸಂಗತಿಯೆಂದರೆ ಅವನು ನಮ್ಮ ಕಡೆಯವನು! ಹುಟ್ಟು ಹೆಸರು ಫರೋಖ್ ಬಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ. ತಂದೆ ಬೋಮಿ ಅಲ್ಲಿನ ಬ್ರಿಟಿಷ್ ಸರಕಾರದ ಕಚೇರಿಯಲ್ಲಿ ಕ್ಯಾಷಿಯರ್, ತಾಯಿ ಜೆರ್. ಗುಜರಾತಿನಿಂದ ಹೋದ ಪಾರ್ಸಿ ಕುಟುಂಬ. ಈಗ ನಾವು ವಲ್ಸಾಡ್ ಎನ್ನುವ ಊರಿನ ಹಳೆಯ ಹೆಸರು ಬಲ್ಸಾರ್, ಮನೆತನದ ಹೆಸರು ಅದರಿಂದಲೇ ಬಂದದ್ದು.

ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಭಾರತಕ್ಕೆ ಓದಲು ಕಳಿಸಿದರು. ಶಾಲೆ ಪಂಚಗನಿಯ ಸೇಂಟ್ ಪೀಟರ್ಸ್. ಬೆಂಗಳೂರಿನಿಂದ ಪುಣೆಗೆ ಕಾರಿನಲ್ಲಿ ಹೋದವರಿಗೆ ಆ ದಾರಿ ಗೊತ್ತಿರುತ್ತದೆ. ಸಾತಾರಾ ದಾಟಿದ ಮೇಲೆ ಮಹಾಬಳೇಶ್ವರದ ಕಡೆಗೆ ಘಾಟಿ ಹತ್ತಬೇಕು. 'ಫ್ರೆಡ್ಡಿ' ಎಂದು ಕರೆಯಲು ಶುರುವಾದದ್ದು ಅಲ್ಲೇ. ಪಿಯಾನೋ ಕಲಿತದ್ದು, ನಾಲ್ಕು ಜನ ಸಹಪಾಠಿಗಳ ಜೊತೆ 'ದಿ ಹೆಕ್ಟಿಕ್ಸ್' ಎಂಬ ತಂಡ ಕಟ್ಟಿದ್ದು ಕೂಡ ಅಲ್ಲೇ. 1963ರಲ್ಲಿ ಜಾಂಜಿಬಾರ್‌ಗೆ ಮರಳಿದ. ಮರುವರ್ಷ ಅಲ್ಲಿ ಕ್ರಾಂತಿಯಾಯಿತು, ಕುಟುಂಬ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂತು. ಬಂದು ನೆಲೆಸಿದ್ದು ಫೆಲ್ಟಮ್‌ನ ಒಂದು ಪುಟ್ಟ ಮನೆಯಲ್ಲಿ. ಓದುತ್ತಿದ್ದ ಕಾಲದಲ್ಲಿ ಹುಡುಗ ಹೀಥ್ರೋದಲ್ಲಿ ಲಗೇಜು ಎತ್ತುವ ಕೆಲಸವನ್ನೂ ಮಾಡಿದ. ಹೀಥ್ರೋದಲ್ಲಿ ದುಡಿಯುವ ನಮ್ಮ ಜನ ಎಷ್ಟಿದ್ದಾರೆ ನೋಡಿ, ಅವರಲ್ಲಿ ಅವನೂ ಒಬ್ಬ ಅಂದುಕೊಳ್ಳಿ.

1970ರಲ್ಲಿ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಜೊತೆ ಸೇರಿ ಕ್ವೀನ್ ತಂಡ ಶುರುವಾಯಿತು. 1971ರಲ್ಲಿ ಜಾನ್ ಡೀಕನ್ ಸೇರಿಕೊಂಡ. 1975ರಲ್ಲಿ 'ಬೊಹೀಮಿಯನ್ ರಾಪ್ಸಡಿ' ಬಂದು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1985ರ ಜುಲೈ 13ರಂದು ವೆಂಬ್ಲಿಯಲ್ಲಿ ನಡೆದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ಸುಮಾರು ಇಪ್ಪತ್ತು ನಿಮಿಷ ಹಾಡಿ, ಎಪ್ಪತ್ತು ಸಾವಿರ ಜನ ಒಟ್ಟಿಗೆ ಕೈ ಎತ್ತಿ ಚಪ್ಪಾಳೆ ತಟ್ಟುವಂತೆ ಮಾಡಿದ. ಆ ವಿಡಿಯೋ ನೋಡದವರು ಒಮ್ಮೆ ನೋಡಿ. ಸಂಗೀತ ಇಷ್ಟವಾಗದಿದ್ದರೂ ಪರವಾಗಿಲ್ಲ, ಜನರ ಮುಖಗಳನ್ನು ನೋಡಿ.

1986ರ ಆಗಸ್ಟ್ 9ರಂದು ನೆಬ್‌ವರ್ತ್‌ನಲ್ಲಿ ನಡೆದದ್ದು ಈ ನಾಲ್ವರ ಕೊನೆಯ ಸಂಗೀತ ಸಭೆ. ಅದು ಕೊನೆಯದೆಂದು ಬಂದವರಿಗೆ ತಿಳಿದಿರಲಿಲ್ಲ. 1987ರಲ್ಲಿ ಅವನಿಗೆ ಏಡ್ಸ್ ಇರುವುದು ಗೊತ್ತಾಯಿತು. ಆಮೇಲೆ ಪ್ರವಾಸ ನಿಂತಿತು, ರೆಕಾರ್ಡಿಂಗ್ ನಿಲ್ಲಲಿಲ್ಲ. 1990ರ ಫೆಬ್ರವರಿಯಲ್ಲಿ ಒಂದು ಪ್ರಶಸ್ತಿ ಸಮಾರಂಭದ ವೇದಿಕೆಗೆ ಬಂದಾಗ ಕೆನ್ನೆ ಬತ್ತಿಹೋಗಿತ್ತು. ಪತ್ರಿಕೆಗಳು ಊಹೆ ಬರೆದವು, ತಂಡದವರು ಇಲ್ಲವೆಂದರು. ಕೊನೆಯ ವಾರಗಳಲ್ಲಿ ಫೋಟೋಗ್ರಾಫರುಗಳು ಅವನ ಮನೆಯ ಗೋಡೆಯ ಹೊರಗೇ ಬೀಡುಬಿಟ್ಟಿದ್ದರು.

1991ರ ನವೆಂಬರ್ 23, ಶನಿವಾರ. ಅವನ ಹೆಸರಿನಲ್ಲಿ ಒಂದು ಸಣ್ಣ ಹೇಳಿಕೆ ಹೊರಬಂತು. ತನಗೆ ಏಡ್ಸ್ ಇದೆ, ಸುತ್ತಲಿನವರ ಖಾಸಗಿತನಕ್ಕಾಗಿ ಇಷ್ಟು ದಿನ ಹೇಳಿರಲಿಲ್ಲ, ಇನ್ನು ಸ್ನೇಹಿತರಿಗೂ ಅಭಿಮಾನಿಗಳಿಗೂ ಸತ್ಯ ತಿಳಿಯಲಿ ಎಂಬುದು ಅದರ ಸಾರ. ಮರುದಿನ, ಭಾನುವಾರ ಸಂಜೆ, ಅವನು ಹೋಗಿಬಿಟ್ಟ. ನಲವತ್ತೈದು ವರ್ಷ.

ಅಭಿಮಾನಿಯ ಕಡೆಯಿಂದ ಇದನ್ನು ಯೋಚಿಸಿ. ಕಾಯಿಲೆಯ ಸುದ್ದಿಗೂ ಸಾವಿನ ಸುದ್ದಿಗೂ ನಡುವೆ ಸಿಕ್ಕಿದ್ದು ಒಂದೇ ದಿನ. ಬೇಗ ಗುಣವಾಗಲಿ ಎಂದು ಬರೆದ ಕಾರ್ಡು ಅಂಚೆಪೆಟ್ಟಿಗೆ ಸೇರುವಷ್ಟೂ ವೇಳೆ ಇರಲಿಲ್ಲ. ಪರದೇಶದಲ್ಲಿರುವ ನಮಗೆ ಈ ಅನುಭವ ಹೊಸದೇನಲ್ಲ. "ಅಷ್ಟು ದೂರದಲ್ಲಿದ್ದಾರೆ, ಹೇಳಿ ಯಾಕೆ ಗಾಬರಿ ಮಾಡೋದು" ಎಂದು ಊರಿನಲ್ಲಿ ಎಲ್ಲವನ್ನೂ ಮುಚ್ಚಿಡುತ್ತಾರೆ. ಶಿವಮೊಗ್ಗದಲ್ಲಿದ್ದ ನನ್ನ ಸೋದರಮಾವನಿಗೆ ಎರಡು ವರ್ಷದಿಂದ ಕಾಯಿಲೆಯಿತ್ತು ಎಂದು ನನಗೆ ತಿಳಿದದ್ದು ಅವರು ಹೋದ ದಿನ ಬೆಳಗಿನ ಜಾವ ಬಂದ ಫೋನಿನಲ್ಲಿ. ಹಿಂದಿನ ಭಾನುವಾರವಷ್ಟೇ ಅವರ ಜೊತೆ ಮಳೆ, ಅಡಿಕೆ ಧಾರಣೆ ಎಲ್ಲ ಮಾತಾಡಿದ್ದೆ! ಮುಚ್ಚಿಟ್ಟವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅಳಬೇಕಾದವರಿಗೆ ಸಿದ್ಧವಾಗಲು ಬಿಡಲಿಲ್ಲ ಎಂಬ ಸಂಕಟ ಇದ್ದೇ ಇರುತ್ತದೆ.

ಫ್ರೆಡ್ಡಿ ಮುಚ್ಚಿಟ್ಟದ್ದಕ್ಕೆ ಕಾಲವೂ ಕಾರಣ. 1986–87ರಲ್ಲಿ ಬ್ರಿಟಿಷ್ ಸರಕಾರ ಮನೆಮನೆಗೂ ಏಡ್ಸ್ ಕರಪತ್ರ ಹಂಚಿತು, ಟಿವಿಯಲ್ಲಿ ಗೋರಿಕಲ್ಲು ತೋರಿಸಿ ಹೆದರಿಸಿತು. 1987ರ ಏಪ್ರಿಲ್‌ನಲ್ಲಿ ರಾಜಕುಮಾರಿ ಡಯಾನಾ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಯ ಕೈಯನ್ನು ಕೈಗವಸಿಲ್ಲದೆ ಕುಲುಕಿದ್ದೇ ದೊಡ್ಡ ಸುದ್ದಿ. ಅಂದರೆ ಮುಟ್ಟಿದರೆ ಬರುತ್ತದೆಂದು ಓದಿದವರೇ ನಂಬಿದ್ದ ಕಾಲ ಅದು. 1988ರಲ್ಲಿ ಇನ್ನೊಂದು ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ ಉತ್ತೇಜನ ಕೊಡಬಾರದು ಎಂದು ಅದು ಹೇಳಿತು, ಹಾಗಾಗಿ ಮೇಷ್ಟ್ರುಗಳು ಆ ವಿಷಯವನ್ನು ಎತ್ತಲೇ ಹಿಂಜರಿದರು. ಫ್ರೆಡ್ಡಿಯ ಕೊನೆಯ ವರ್ಷಗಳ ಸಂಗಾತಿ ಜಿಮ್ ಹಟನ್ ಎಂಬ ಗಂಡಸು. ಅದನ್ನು ಫ್ರೆಡ್ಡಿ ಎಂದೂ ಬಹಿರಂಗವಾಗಿ ಸಾರಲಿಲ್ಲ. ಹೀಗಾಗಿ ಆ ಸೋಮವಾರ ಶಾಲೆಗೆ ಹೋದ ಹದಿನೈದರ ಅಭಿಮಾನಿಗೆ ಎರಡು ಕಷ್ಟ. ಅತ್ತರೆ ನಗುವವರು ಒಂದು ಕಡೆ, "ಆ ಕಾಯಿಲೆಯವನಿಗಾ ಅಳೋದು?" ಎಂದು ಕೇಳುವವರು ಇನ್ನೊಂದು ಕಡೆ.

ಈಗ ಸೂತಕದ ಮಾತಿಗೆ ಬರೋಣ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಯಾರು ಎಷ್ಟು ದಿನ ಸೂತಕ ಹಿಡಿಯಬೇಕು, ಯಾರು ಸ್ನಾನ ಮಾಡಿದರೆ ಸಾಕು ಎಂದು ಲೆಕ್ಕವಿದೆ. ದಾಯಾದಿಗಳಿಗೆ ಹತ್ತು ದಿನ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಮೂರು ದಿನ, ಹೀಗೆ. ಇದನ್ನು ಬರೀ ಮಡಿಮೈಲಿಗೆ ಎಂದು ತಳ್ಳಿಹಾಕುವವರಿದ್ದಾರೆ, ನನಗೂ ಆ ಲೆಕ್ಕದ ಮೇಲೆ ಅಂಥ ಭಕ್ತಿಯೇನಿಲ್ಲ. ಆದರೆ ಅದು ಒಂದು ಕೆಲಸ ಮಾಡುತ್ತದೆ. ಇವನು ದುಃಖದಲ್ಲಿದ್ದಾನೆ, ಇವನನ್ನು ಕೆಲಸಕ್ಕೆ ಕರೆಯಬೇಡಿ, ಹಬ್ಬಕ್ಕೆ ಕರೆಯಬೇಡಿ, ಇವನ ಮನೆಗೆ ಅಡುಗೆ ಮಾಡಿ ಕಳಿಸಿ ಎಂದು ಊರಿಗೆಲ್ಲ ಹೇಳುತ್ತದೆ. ಹತ್ತನೆಯ ದಿನ, ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ ಎಂದು ದುಃಖಕ್ಕೆ ಮೆಟ್ಟಿಲು ಕಟ್ಟಿ, ಕೊನೆಗೆ ಹೋಳಿಗೆ ಊಟ ಹಾಕಿ ಹೊರಗೆ ಕರೆತರುತ್ತದೆ. ಈ ಪಟ್ಟಿಯಲ್ಲಿ ಹೆಸರಿಲ್ಲದವನು ದುಃಖಪಟ್ಟರೆ ಅವನಿಗೆ ಮೆಟ್ಟಿಲೂ ಇಲ್ಲ, ಹೋಳಿಗೆಯೂ ಇಲ್ಲ.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಒಂದು ಪುಸ್ತಕ ಸಂಪಾದಿಸಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಹಕ್ಕಿಲ್ಲದ ದುಃಖ' ಎನ್ನಬಹುದು. ಸಮಾಜ ಒಪ್ಪದ ಸಂಬಂಧ ಕಳೆದುಕೊಂಡವರು, ಹಳೆಯ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ಸಾಕಿದ ನಾಯಿ ಕಳೆದುಕೊಂಡವರು, ಇವರೆಲ್ಲರ ನೋವು ನಿಜ. ಆದರೆ ಅದನ್ನು ತೋರಿಸಲು ಯಾರೂ ಜಾಗ ಕೊಡುವುದಿಲ್ಲ. ಅಭಿಮಾನಿಯ ನೋವೂ ಈ ಜಾತಿಯದೇ. ಅದಕ್ಕೂ ಹಿಂದೆ, 1956ರಲ್ಲೇ, ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ರೇಡಿಯೋ, ಟಿವಿಯಲ್ಲಿ ಬರುವವರ ಜೊತೆ ನೋಡುಗರು ಬೆಳೆಸಿಕೊಳ್ಳುವ ಒಂದು ಕಡೆಯ ಸ್ನೇಹದ ಬಗ್ಗೆ ಬರೆದಿದ್ದರು. ಅವನು ನಮ್ಮನ್ನು ಬಲ್ಲವನಲ್ಲ, ನಾವು ಅವನನ್ನು ಬಲ್ಲೆವು. ಸಂಬಂಧ ಒಂದು ಕಡೆಯದಾದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಹದಿನೈದು ವರ್ಷದ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಹಾಡನ್ನು ನೂರು ಸಲ ಕೇಳಿದ್ದರೆ, ಅವನು ಅಪ್ಪ ಅಮ್ಮನಿಗೂ ಹೇಳದ ಏನನ್ನೋ ಆ ಹಾಡಿಗೆ ಹೇಳಿಕೊಂಡಿರುತ್ತಾನೆ. ಹಾಡುಗಾರ ಸತ್ತಾಗ ಆ ಕೋಣೆಯ ಒಂದು ಗೋಡೆ ಬಿದ್ದಂತೆ.

ನಮಗಂತೂ ಇದನ್ನು ಯಾರೂ ಇಂಗ್ಲಿಷ್ ಪುಸ್ತಕದಿಂದ ಕಲಿಸಬೇಕಾಗಿಲ್ಲ. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದಾಗ ನಮ್ಮಲ್ಲಿ ಎಷ್ಟು ಜನ ಆಫೀಸಿನ ಶೌಚಾಲಯದಲ್ಲಿ ಮುಖ ತೊಳೆದುಕೊಂಡು ಬಂದು ಮೀಟಿಂಗಿನಲ್ಲಿ ಕೂತೆವು? 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ? "ಯಾರು ಸಂಬಂಧಿಕರಾ?" ಎಂದು ಮ್ಯಾನೇಜರು ಕೇಳಿದರೆ ಏನು ಹೇಳುವುದು? ಪುನೀತ್‌ಗೆ ನಲವತ್ತಾರು, ಫ್ರೆಡ್ಡಿಗೆ ನಲವತ್ತೈದು. ಹತ್ತಿರ ಹತ್ತಿರ ಒಂದೇ ವಯಸ್ಸು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಈ ಲೇಖನದ ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಪುನೀತ್ ಅಭಿಮಾನಿಗಳಿಗೆ ಹೋಗಲು ಜಾಗವಿದೆ. ಕಂಠೀರವ ಸ್ಟುಡಿಯೋದಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಸಮಾಧಿಯಿದೆ. ಅಷ್ಟೇ ಅಲ್ಲ, ನವೆಂಬರ್ 9ರಂದು ಕುಟುಂಬದವರು ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೆ ಅನ್ನಸಂತರ್ಪಣೆ ಮಾಡಿದರು. ಅಭಿಮಾನಿಗಳನ್ನು ದೇವರು ಎಂದು ಕರೆದ ಮನೆಯವರು ಅವರನ್ನು ಸೂತಕದ ಪಟ್ಟಿಗೂ ಸೇರಿಸಿಕೊಂಡರು ಎಂದು ನನಗನ್ನಿಸಿತು.

ಫ್ರೆಡ್ಡಿಯ ಅಭಿಮಾನಿಗಳಿಗೆ ಇದು ಯಾವುದೂ ಇರಲಿಲ್ಲ. ನವೆಂಬರ್ 27ರಂದು ಕೆನ್ಸಲ್ ಗ್ರೀನ್‌ನ ಚಿತಾಗಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಪಾರ್ಸಿ ಪುರೋಹಿತರು ಅವೆಸ್ತಾ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಜೀವನವಿಡೀ ತನ್ನ ಹುಟ್ಟಿನ ಬಗ್ಗೆ ಹೆಚ್ಚು ಮಾತಾಡದವನನ್ನು ಕೊನೆಗೆ ಅಪ್ಪ ಅಮ್ಮನ ಧರ್ಮವೇ ಕಳಿಸಿಕೊಟ್ಟಿತು. ಪಾರ್ಸಿಗಳ ನಂಬಿಕೆಯಂತೆ ಜೀವ ಮೂರು ದಿನ ಇಲ್ಲೇ ಇದ್ದು, ನಾಲ್ಕನೆಯ ಬೆಳಗ್ಗೆ ಚಿನ್ವತ್ ಎಂಬ ಸೇತುವೆ ದಾಟಬೇಕು. ಒಳಗೆ ಕುಟುಂಬದವರು, ತಂಡದವರು ಮತ್ತು ಆಪ್ತರು, ಕೆಲವೇ ಕೆಲವರು. ಅಭಿಮಾನಿಗಳು ಹೊರಗೆ.

ಹೊರಗೆ ಎಂದರೆ ಎಲ್ಲಿ? ಅವನ ಮನೆಯ ಮುಂದೆ. ಕೆನ್ಸಿಂಗ್ಟನ್‌ನ ಲೋಗನ್ ಪ್ಲೇಸ್ ಎಂಬ ಸಣ್ಣ ಬೀದಿಯಲ್ಲಿ 'ಗಾರ್ಡನ್ ಲಾಡ್ಜ್' ಎಂಬ ಮನೆ. ಎತ್ತರದ ಇಟ್ಟಿಗೆ ಗೋಡೆ, ನಡುವೆ ಹಸಿರು ಬಣ್ಣದ ಬಾಗಿಲು. ಸಾವಿನ ಸುದ್ದಿ ಬಂದ ರಾತ್ರಿಯಿಂದಲೇ ಜನ ಹೂವು ತಂದಿಟ್ಟರು, ಮೇಣದಬತ್ತಿ ಹಚ್ಚಿದರು. ಆಮೇಲೆ ಪೆನ್ನು ತೆಗೆದು ಗೋಡೆಯ ಮೇಲೇ ಬರೆದರು, ಬಾಗಿಲಿನ ಮೇಲೆ ಬರೆದರು. ವರ್ಷಗಳು ಕಳೆದರೂ ಬರೆಯುವುದು ನಿಲ್ಲಲಿಲ್ಲ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು 2003ರಲ್ಲಿ, ಊರಿನಿಂದ ಬಂದಿದ್ದ ತಮ್ಮನ ಹಟಕ್ಕೆ. ಹತ್ತಾರು ಭಾಷೆಗಳ ಅಕ್ಷರ ಒಂದರ ಮೇಲೊಂದು. ಎಷ್ಟೋ ಬರಹಗಳಲ್ಲಿ ಶ್ರದ್ಧಾಂಜಲಿಯ ಮಾತೇ ಇರಲಿಲ್ಲ. ಪರೀಕ್ಷೆ ಪಾಸಾದೆ, ಮದುವೆಯಾದೆ, ಅಮ್ಮ ಹೋದಳು ಎಂಬಂಥ ಸುದ್ದಿಗಳು, ಮನೆಯವರಿಗೆ ಪತ್ರ ಬರೆದ ಹಾಗೆ. ಕನ್ನಡ ಹುಡುಕಿದೆವು, ಕಾಣಲಿಲ್ಲ. ತಮ್ಮ ತನ್ನ ಹೆಸರು ಬರೆದನೋ ಇಲ್ಲವೋ ನಾನು ಹೇಳುವುದಿಲ್ಲ!

ಗೋಡೆಯ ಒಳಗೆ ಇದ್ದವರು ಮೇರಿ ಆಸ್ಟಿನ್. ಫ್ರೆಡ್ಡಿ ಹರೆಯದಲ್ಲಿ ಪ್ರೀತಿಸಿದಾಕೆ, ಮುಂದೆ ಜೀವಮಾನದ ಗೆಳತಿ. ಅವರಿಗೇ ಮನೆಯನ್ನು ಬರೆದಿಟ್ಟಿದ್ದ. ಅಸ್ಥಿಯ ಜವಾಬ್ದಾರಿಯನ್ನೂ ಅವರಿಗೇ ಕೊಟ್ಟಿದ್ದ, ಎಲ್ಲಿ ಎಂದು ಯಾರಿಗೂ ತಿಳಿಯಬಾರದು ಎಂದೂ ಕೇಳಿಕೊಂಡಿದ್ದ. ಅವರು ಮಾತು ಉಳಿಸಿಕೊಂಡಿದ್ದಾರೆ. ಅಭಿಮಾನಿಗಳು ಹುಡುಕದ ಜಾಗವಿಲ್ಲ. 2013ರಲ್ಲಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಫರೋಖ್ ಬಲ್ಸಾರಾ ಎಂಬ ಹೆಸರಿನ ಒಂದು ಸಣ್ಣ ಫಲಕ ಯಾರದೋ ಕಣ್ಣಿಗೆ ಬಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾದ ಸ್ವಲ್ಪ ದಿನದಲ್ಲೇ ಆ ಫಲಕವೂ ಮಾಯ.

ಇದು ಸರಿಯೇ ತಪ್ಪೇ ಎಂದು ಅಭಿಮಾನಿಗಳಲ್ಲೇ ಜಗಳವಿದೆ. ಇಷ್ಟು ಪ್ರೀತಿ ಕೊಟ್ಟವರಿಗೆ ಒಂದು ಕಲ್ಲಾದರೂ ಬೇಡವೇ ಎನ್ನುವವರಿದ್ದಾರೆ. ನನಗೆ ಮೇರಿಯವರದೇ ಸರಿ ಎನಿಸುತ್ತದೆ. ಬದುಕಿದ್ದಾಗ ಕಿಟಕಿಗೆ ಕ್ಯಾಮೆರಾ ಹಿಡಿಸಿಕೊಂಡವನು ಸತ್ತ ಮೇಲೆ ಒಂದಿಷ್ಟು ಏಕಾಂತ ಕೇಳಿದ, ಅಷ್ಟೇ ತಾನೇ?

ಗೋರಿ ಇಲ್ಲದ್ದರಿಂದ ದುಃಖ ಬೇರೆ ಬೇರೆ ಕಡೆ ಹರಿದು ಜಾಗ ಮಾಡಿಕೊಂಡಿತು. ಲಂಡನ್ನಿನಲ್ಲಿ ಪ್ರತಿಮೆಗೆ ಜಾಗ ಸಿಗಲಿಲ್ಲ. ಸ್ವಿಟ್ಜರ್ಲೆಂಡಿನ ಮಾಂತ್ರೂ ಎಂಬ ಊರು ಕೊಟ್ಟಿತು. ಅಲ್ಲಿ ಕ್ವೀನ್‌ಗೆ ಸ್ವಂತ ಸ್ಟುಡಿಯೋ ಇತ್ತು, ಕೊನೆಯ ದಿನಗಳಲ್ಲಿ ಅವನು ಹಾಡಿದ್ದು ಅಲ್ಲೇ. 1996ರ ನವೆಂಬರ್ 25ರಂದು ಸರೋವರದ ದಡದಲ್ಲಿ, ಐರೀನಾ ಸೆಡ್ಲೆಟ್ಸ್ಕಾ ಎಂಬ ಶಿಲ್ಪಿ ಮಾಡಿದ, ಸುಮಾರು ಮೂರು ಮೀಟರ್ ಎತ್ತರದ ಕಂಚಿನ ಪ್ರತಿಮೆ ನಿಂತಿತು. ಅನಾವರಣ ಮಾಡಿದವರು ಅವನ ಜೊತೆ ಹಾಡಿದ್ದ ಅಪೆರಾ ಗಾಯಕಿ ಮಾಂಟ್ಸೆರಾತ್ ಕಬಾಯೆ. ಸೆಪ್ಟೆಂಬರಿನಲ್ಲಿ, ಹುಟ್ಟುಹಬ್ಬದ ಹೊತ್ತಿಗೆ, ಜನ ಬಿಳಿ ಪ್ಯಾಂಟು, ಹಳದಿ ಜಾಕೆಟ್ಟು, ದಪ್ಪ ಮೀಸೆ ಅಂಟಿಸಿಕೊಂಡು ಅಲ್ಲಿ ಸೇರುತ್ತಾರೆ. ನಮ್ಮ ಜಾತ್ರೆಯ ವೇಷಧಾರಿಗಳ ನೆನಪಾಗುತ್ತದೆ. ಲಂಡನ್ನಿನ ಡೊಮಿನಿಯನ್ ಥಿಯೇಟರಿನ ಬಾಗಿಲ ಮೇಲೆ ಇನ್ನೊಂದು ದೊಡ್ಡ ಪ್ರತಿಮೆ ಇತ್ತು. ಕ್ವೀನ್ ಹಾಡುಗಳ ನಾಟಕ ಅಲ್ಲಿ 2002ರಿಂದ 2014ರ ತನಕ ನಡೆಯಿತು, ನಾಟಕ ಮುಗಿದ ಮೇಲೆ ಅದು ಡ್ರಮ್ ಬಾರಿಸುವ ರೋಜರ್ ಟೇಲರ್ ಮನೆಯ ತೋಟ ಸೇರಿತು. ಹುಟ್ಟಿದೂರಿನ ಕಥೆ ಇನ್ನೂ ವಿಚಿತ್ರ. 2006ರಲ್ಲಿ ಅರವತ್ತನೆಯ ಹುಟ್ಟುಹಬ್ಬ ಆಚರಿಸಲು ಹೊರಟಾಗ ಜಾಂಜಿಬಾರಿನ ಒಂದು ಧಾರ್ಮಿಕ ಗುಂಪು ಬೇಡವೆಂದು ತಡೆಯಿತು. 2019ರಲ್ಲಿ ಅದೇ ಊರಿನಲ್ಲಿ ಅವನ ಹೆಸರಿನ ಮ್ಯೂಸಿಯಂ ತೆರೆಯಿತು.

ಇನ್ನು ಆ ಗೋಡೆಯ ಗತಿ. ಮೊದಲು ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಹೊದಿಸಿದ್ದರು, 2017ರಲ್ಲಿ ಅವನ್ನೂ ತೆಗೆದರು. 2023ರಲ್ಲಿ ಮೇರಿಯವರು ಮನೆಯ ಸಾಮಾನುಗಳನ್ನು ಸದಬೀಸ್ ಹರಾಜಿಗೆ ಇಟ್ಟಾಗ, ಅಭಿಮಾನಿಗಳು ಬರೆದಿದ್ದ ಆ ಹಸಿರು ಬಾಗಿಲೂ ಹರಾಜಿನಲ್ಲಿತ್ತು. ಹದಿನೈದರಿಂದ ಇಪ್ಪತ್ತೈದು ಸಾವಿರ ಪೌಂಡ್ ಬರಬಹುದೆಂದು ಅಂದಾಜಿತ್ತು. ಸೆಪ್ಟೆಂಬರ್ 6ರಂದು ಹೋದದ್ದು 4,12,750 ಪೌಂಡಿಗೆ! ಮರದ ಬಾಗಿಲಿಗಲ್ಲ, ಅದರ ಮೇಲಿನ ಗೀಚಿಗೆ ಬಂದ ಬೆಲೆ ಅದು. ಗೀಚಿದವರಿಗೆ ಏನೂ ಸಿಗಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಯಾರದೋ ಕಣ್ಣೀರನ್ನು ಇನ್ಯಾರೋ ಕೊಂಡುಕೊಂಡಂತೆ ನನಗೆ ಅಂದು ಕಸಿವಿಸಿಯಾಯಿತು. ಹರಾಜಿನ ಹಣದ ಒಂದು ಪಾಲು ಏಡ್ಸ್ ವಿರುದ್ಧ ದುಡಿಯುವ ಎರಡು ಸಂಸ್ಥೆಗಳಿಗೆ ಹೋಯಿತು ಎಂಬುದು ಸ್ವಲ್ಪ ಸಮಾಧಾನ.

ಆ ಸಂಸ್ಥೆಗಳ ಮಾತು ಹೇಳದೆ ಈ ಕಥೆ ಪೂರ್ತಿಯಾಗುವುದಿಲ್ಲ. ಅಭಿಮಾನಿಗಳ ದುಃಖ ಗೋಡೆಗೆ ಸೀಮಿತವಾಗಲಿಲ್ಲ. ಅವನು ಸತ್ತ ಎರಡೇ ವಾರಕ್ಕೆ 'ಬೊಹೀಮಿಯನ್ ರಾಪ್ಸಡಿ'ಯನ್ನು ಮತ್ತೆ ಬಿಡುಗಡೆ ಮಾಡಿದರು. ಮನೆಯಲ್ಲಿ ಆ ರೆಕಾರ್ಡು ಇದ್ದವರೂ ಇನ್ನೊಂದನ್ನು ಕೊಂಡರು. ಅದು ಕ್ರಿಸ್‌ಮಸ್ ಹೊತ್ತಿಗೆ ಮೊದಲ ಸ್ಥಾನಕ್ಕೇರಿ ಐದು ವಾರ ಅಲ್ಲೇ ಕೂತಿತು. ಬಂದ ಹಣ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ. ಈ ಹಿಗ್ಗಿನ್ಸ್ ಬ್ರಿಟನ್ನಿನಲ್ಲಿ ಏಡ್ಸ್‌ನಿಂದ ಸತ್ತ ಮೊದಲಿಗರಲ್ಲಿ ಒಬ್ಬ. 1982ರಲ್ಲಿ ಅವನು ತೀರಿಕೊಂಡಾಗ ಸಂಗಾತಿ ಮತ್ತು ಸ್ನೇಹಿತರು ಸೇರಿ ಕಟ್ಟಿದ ಸಂಸ್ಥೆ ಅದು. ಅವರೂ ಸೂತಕದ ಪಟ್ಟಿಯಲ್ಲಿ ಇಲ್ಲದವರೇ ನೋಡಿ.

1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ದೊಡ್ಡ ಶ್ರದ್ಧಾಂಜಲಿ ಕಾರ್ಯಕ್ರಮ ನಡೆಯಿತು. ಉಳಿದ ಮೂವರ ಜೊತೆ ಯಾರು ಯಾರು ಹಾಡುತ್ತಾರೆಂದು ಹೇಳುವ ಮೊದಲೇ ಎಲ್ಲ ಟಿಕೆಟ್ಟೂ ಕೆಲವೇ ಗಂಟೆಗಳಲ್ಲಿ ಮುಗಿದಿದ್ದವು. 72,000 ಜನ. ಜಾರ್ಜ್ ಮೈಕಲ್ ಹಾಡಿದ, ಡೇವಿಡ್ ಬೋವಿ ಮೊಣಕಾಲೂರಿ ಕ್ರೈಸ್ತ ಪ್ರಾರ್ಥನೆ ಹೇಳಿದ. ಹಾಡುಗಳ ನಡುವೆ ನಟಿ ಎಲಿಜಬೆತ್ ಟೇಲರ್ ವೇದಿಕೆಗೆ ಬಂದು ಈ ರೋಗ ಹೇಗೆ ಹರಡುತ್ತದೆ, ಹೇಗೆ ತಡೆಯಬೇಕು ಎಂದು ಬಿಡಿಸಿ ಹೇಳಿದರು. ಶ್ರಾದ್ಧದ ಮನೆಗೆ ಬಂದವರಿಗೆ ಡಾಕ್ಟರು ಪಾಠ ಮಾಡಿದ ಹಾಗೆ! ಟಿವಿಯಲ್ಲಿ ಅದನ್ನು ನೋಡಿದ ಮನೆಗಳಲ್ಲಿ ಅಪ್ಪ ಮಕ್ಕಳು ಒಂದೇ ಸೋಫಾದಲ್ಲಿ ಕೂತು ಆ ಮಾತು ಕೇಳಿಸಿಕೊಂಡಿರಬೇಕು. ಶಾಲೆ ಹೇಳಲು ಹೆದರಿದ್ದನ್ನು ಒಂದು ಸಂತಾಪ ಸಭೆ ಹೇಳಿತು. ಆ ವರ್ಷವೇ ತಂಡದವರು 'ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್' ಕಟ್ಟಿದರು. ಅದು ಇಂದಿಗೂ ನಾನಾ ದೇಶಗಳ ಸಣ್ಣಪುಟ್ಟ ಏಡ್ಸ್ ಸಂಸ್ಥೆಗಳಿಗೆ ಹಣ ಕೊಡುತ್ತಿದೆ, ಭಾರತಕ್ಕೂ ಬಂದಿದೆ.

ಬಹಿರಂಗವಾಗಿ ಮೊದಲೇ ಹೇಳಿದ್ದರೆ ಇನ್ನೂ ಹೆಚ್ಚು ಜನಕ್ಕೆ ಉಪಕಾರವಾಗುತ್ತಿತ್ತು ಎಂದು ಆಗಲೂ ಟೀಕೆ ಬಂತು. ಆ ಮಾತಿನಲ್ಲಿ ಹುರುಳಿದೆ. ಆದರೆ 1991ರಲ್ಲಿ ಆ ಹೆಸರು ಹೇಳಿದವನಿಗೆ ಜಗತ್ತು ಏನು ಕೊಡುತ್ತಿತ್ತು ಎಂಬುದನ್ನೂ ನೋಡಬೇಕು. ಮೂರು ಔಷಧಿ ಒಟ್ಟಿಗೆ ಕೊಡುವ ಚಿಕಿತ್ಸೆ ಬಂದದ್ದು 1996ರಲ್ಲಿ, ಅವನಿಗೆ ಐದು ವರ್ಷ ತಡವಾಗಿ. ಈಗ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಕಡಿಮೆ ಎಲ್ಲರಷ್ಟೇ ಕಾಲ ಬದುಕುತ್ತಾರೆ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದರೆ ಸಂಗಾತಿಗೂ ಅಂಟುವುದಿಲ್ಲ. ಭಾರತದಲ್ಲಿ ಏಡ್ಸ್ ರೋಗಿಗಳಿಗೆ ಭೇದ ಮಾಡಬಾರದೆಂಬ ಕಾನೂನು 2017ರಲ್ಲಿ ಬಂದಿದೆ. ಆದರೂ ನಮ್ಮ ಮನೆಗಳಲ್ಲಿ ಆ ಹೆಸರನ್ನು ಇನ್ನೂ ದನಿ ತಗ್ಗಿಸಿಯೇ ಹೇಳುತ್ತೇವೆ, ಅದು ನಿಮಗೂ ಗೊತ್ತು.

ಮನೆಯಲ್ಲಿ ಹರೆಯದ ಮಕ್ಕಳಿರುವವರಿಗೆ ಒಂದು ಮಾತು. ಅವರು ಮೆಚ್ಚಿದ ಯಾರಾದರೂ ಹೋದರೆ "ಅವನ್ಯಾರೋ" ಎನ್ನುವ ಮೊದಲು "ಅವನ ಯಾವ ಹಾಡು ನಿನಗಿಷ್ಟ?" ಎಂದು ಕೇಳಿ ನೋಡಿ. ಕಾರಿನಲ್ಲಿ ಹೋಗುವಾಗ ಅದನ್ನು ಹಾಕಿಸಿ ಪೂರ್ತಿ ಕೇಳಿ, ಅರ್ಥವಾಗದಿದ್ದರೂ ನಡುವೆ ದನಿ ತಗ್ಗಿಸಬೇಡಿ. ಆ ದಿನ ಎಲ್ಲಾದರೂ ಜನ ಸೇರುತ್ತಿದ್ದರೆ ನೀವೇ ಕರೆದುಕೊಂಡು ಹೋಗಿ, ದೂರ ನಿಂತರೂ ಸಾಕು. ಅಣ್ಣಾವ್ರು ಹೋದ ದಿನ ನೀವು ಹೇಗಿದ್ದಿರಿ ಎಂದು ಹೇಳಿ. ನಿಮ್ಮ ದುಃಖವನ್ನು ಕೇಳಿದ ಮೇಲೆ ಅವರು ತಮ್ಮದನ್ನು ಹೇಳುವುದು ಹೆಚ್ಚು. ಅವರಿಗೆ ದುಃಖವನ್ನು ಅಭ್ಯಾಸ ಮಾಡುವ ಮೊದಲ ಅವಕಾಶ ಎಷ್ಟೋ ಸಲ ಇದೇ ಆಗಿರುತ್ತದೆ. ಊರಿನಲ್ಲಿರುವ ಅಜ್ಜ ಅಜ್ಜಿ ಹೋದಾಗ ನಾವು ಅವರನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಬ್ಬರೇ ವಿಮಾನ ಹತ್ತಿರುತ್ತೇವಲ್ಲ! ಹೆಣ ಕಂಡಿಲ್ಲ, ಹನ್ನೊಂದನೆಯ ದಿನ ಕಂಡಿಲ್ಲ. ಮಾವನವರು ಹೋದಾಗ ಆ ಹುಡುಗ ಯಾಕೆ ಅಳಲಿಲ್ಲ ಎಂದು ನಾನು ಆ ತಾಯಿಗೆ ಫೋನು ಮಾಡಿ ಕೇಳಿದೆ. ಪರೀಕ್ಷೆ ಇತ್ತು, ಕರೆದುಕೊಂಡು ಹೋಗಿರಲಿಲ್ಲ ಎಂದರು.

ನೋಡಬೇಕೆನ್ನುವವರಿಗೆ ದಾರಿ ಹೇಳಿ ಮುಗಿಸುತ್ತೇನೆ. ಲೋಗನ್ ಪ್ಲೇಸ್‌ಗೆ ಅರ್ಲ್ಸ್ ಕೋರ್ಟ್ ಟ್ಯೂಬ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮನೆಯನ್ನು 2024ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಇಟ್ಟರು, ಕೇಳಿದ ಬೆಲೆ ಮೂರು ಕೋಟಿ ಪೌಂಡಿಗೂ ಹೆಚ್ಚು. ಹೊರಗಿನ ಗೋಡೆ ಮಾತ್ರ ನೋಡಲು ಸಿಗುತ್ತದೆ. ದಯವಿಟ್ಟು ಪೆನ್ನು ಒಯ್ಯಬೇಡಿ, ಹೂವು ಒಯ್ಯಿರಿ. ಫೆಲ್ಟಮ್‌ಗೆ ವಾಟರ್‌ಲೂನಿಂದ ರೈಲಿದೆ. 22, ಗ್ಲ್ಯಾಡ್‌ಸ್ಟೋನ್ ಅವೆನ್ಯೂ ಮನೆಯ ಮೇಲೆ ಇಂಗ್ಲಿಷ್ ಹೆರಿಟೇಜ್‌ನವರ ನೀಲಿ ಫಲಕವಿದೆ, 2016ರ ಸೆಪ್ಟೆಂಬರ್ 1ರಂದು ಬ್ರಯಾನ್ ಮೇ ಮತ್ತು ಫ್ರೆಡ್ಡಿಯ ತಂಗಿ ಕಾಶ್ಮೀರಾ ಅದನ್ನು ಅನಾವರಣ ಮಾಡಿದರು. ಮನೆತನದ ಹೆಸರೂ ಅದರ ಮೇಲಿದೆ. ಅಲ್ಲೀಗ ಬೇರೆಯವರು ವಾಸವಿದ್ದಾರೆ, ಬೀದಿಯ ಆಚೆ ಬದಿಯಿಂದಲೇ ನೋಡಿ, ಬಾಗಿಲು ತಟ್ಟಬೇಡಿ. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷ. ಮೊದಲೇ ಒಂದು ಮೇಲ್ ಹಾಕಿದರೆ ಕಾಫಿ ಸಿದ್ಧ.